ಗಾಣ ಬಿಟ್ಟ ಎತ್ತು

ಎಣ್ಣೆಗಾಣದ ದುಡಿಮೆ ಮುಗಿಸಿದ ಮುದಿ ಎತ್ತು ಹಂಡ, ದುಡಿಯುವಾಗ ತಿನ್ನುತ್ತಿದ್ದಷ್ಟೇ ಹಿಂಡಿಯನ್ನು ಈಗಲೂ ತಿನ್ನುತ್ತಿತ್ತು. ಒಂದು ಬೆಳಿಗ್ಗೆ ಏಳಲು ಹೋದರೆ ಮೊಣಕಾಲುಗಳು ಮಾತು ಕೇಳಲಿಲ್ಲ. ಒದ್ದಾಡಿ ಒದ್ದಾಡಿ ಹೇಗೋ ಎದ್ದಿತು.

“ವಯಸ್ಸಾಯಿತಲ್ಲ,” ಎಂದಿತು ಹಂಡ.

“ವಯಸ್ಸು ಹೊಟ್ಟೆಯ ಕೆಳಗೆ ಜೋತಾಡುವುದಿಲ್ಲ, ತಾತ,” ಎಂದಿತು ಬೆನ್ನ ಮೇಲೆ ಕೂತ ಗೊರವಂಕ. “ಗಾಣ ನಿಂತಿತು, ಬಾಯಿ ನಿಲ್ಲಲಿಲ್ಲ. ನಾಳೆ ಏಳಲಾಗದಿದ್ದರೆ ಕೆರೆಯೇನು ನಿನ್ನ ಹತ್ತಿರ ಬರುತ್ತದೆಯೇ?”

ಆ ಸಂಜೆ ಹಂಡ ಅರ್ಧ ಹಿಂಡಿಯನ್ನು ಬಾನಿಯಲ್ಲೇ ಬಿಟ್ಟು, ಅಂಗಳದ ಬೇವಿನ ಮರವನ್ನು ನಿಧಾನವಾಗಿ ಸುತ್ತತೊಡಗಿತು.

ಪಕ್ಕದಲ್ಲಿ ಕಟ್ಟಿದ್ದ ಎಳೆಯ ಹೋರಿಗೆ ನಗು ಬಂತು. “ಗಾಣವೇ ಇಲ್ಲವಲ್ಲ ತಾತ, ಯಾವ ಎಣ್ಣೆ ತೆಗೆಯುತ್ತಿದ್ದೀಯ?”

“ಕೂತು ತಿಂದು ಮೈಯಲ್ಲಿ ಕೂಡಿಟ್ಟಿದ್ದೇನಲ್ಲ, ಅದೇ,” ಎಂದು ಹಂಡ ಇನ್ನೊಂದು ಸುತ್ತು ಹೊರಟಿತು.