ನಿಂಬೆ ಮುಳ್ಳಿನ ಸಾಕ್ಷಿ

ಯುಗಾದಿಗೆ ಮುಂಚೆ ಮಾಲಿ ದ್ಯಾವಯ್ಯ ಮಲ್ಲಿಗೆ ಪೊದೆಯ ಬುಡ ಸಡಿಲಿಸಿ ಎಲುಬಿನ ಗೊಬ್ಬರ ಹಾಕಿದ್ದ. ಆ ವಾಸನೆಗೆ ಯಾವುದೋ ನಾಯಿ ಬಂದು ಬುಡ ಕೆದರಿ ಹೊಸ ಚಿಗುರನ್ನೆಲ್ಲ ಮುರಿದಿತ್ತು.

"ನಿನ್ನ ನಾಯಿ ಕೆಂಚನದೇ ಕೆಲಸ" ಎಂದರು ಮನೆಯೊಡತಿ ಪದ್ಮಾಂಬ. ಡ್ರೈವರ್ ಕೈಲಿ ಅದನ್ನು ಹೊಳೆಯಾಚೆ ಬಿಡಿಸಿದರು. ದ್ಯಾವಯ್ಯ ಅವತ್ತು ಉಣ್ಣಲಿಲ್ಲ.

ಮರುದಿನ ನೋಡಿದರೆ ಬುಡದ ಮಣ್ಣು ಮತ್ತೆ ಹೊರಗೆ ಚೆಲ್ಲಿತ್ತು.

"ವಾಪಸ್ ಬಂದಿದೆ ನಿನ್ನ ದರಿದ್ರ ನಾಯಿ. ಗಿಡ ಒಣಗಿದರೆ ನಿನ್ನ ಕೆಲಸಕ್ಕೂ ಎಳ್ಳುನೀರು ಬಿಟ್ಟುಬಿಡು."

"ಬುಡದ ಸುತ್ತ ನಿಂಬೆ ಮುಳ್ಳು ಹಾಸಿ ಮೇಲೆ ತರಗೆಲೆ ಮುಚ್ತೀನಿ ಅಮ್ಮಾವ್ರೇ. ಕದ್ದು ಬಂದಿದ್ದು ಕುಂಟುತ್ತೆ. ಆಗ ಏನು ಮಾಡಲಿ?"

"ಕುಂಟೋದು ಯಾವುದೇ ಇರಲಿ, ಹೊಳೆಯಾಚೆ ಬಿಟ್ಟು ಬಾ."

ಬೆಳಗ್ಗೆ ಪದ್ಮಾಂಬ ಕಾಫಿ ಕುಡಿಯುತ್ತಿದ್ದಾಗ ಅವರ ಮುದ್ದಿನ ನಾಯಿ ಪಿಂಕಿ ಕುಂಟುತ್ತಾ ಜಗಲಿಗೆ ಬಂತು. ದ್ಯಾವಯ್ಯ ಹಗ್ಗ ಹಿಡಿದು ನಿಂತಿದ್ದ.

"ಬಿಟ್ಟು ಬರಲಾ, ಅಮ್ಮಾವ್ರೇ?"

ಪದ್ಮಾಂಬ ಲೋಟ ಕೆಳಗಿಟ್ಟು ಪಿಂಕಿಯನ್ನು ಮಡಿಲಿಗೆ ಎಳೆದುಕೊಂಡರು. "ಪಾಪ, ಮೂಕಪ್ರಾಣಿ ಕಣಯ್ಯ."

ದ್ಯಾವಯ್ಯ ಕೂತು ಪಿಂಕಿಯ ಪಾದದಿಂದ ಮುಳ್ಳು ಕಿತ್ತು ಅವರ ಅಂಗೈಲಿಟ್ಟ.

"ಕೆಂಚ ಏನು ಮಾತಾಡ್ತಿತ್ತಾ?" ಎಂದು ಹಗ್ಗ ಹೆಗಲಿಗೆ ಹಾಕಿಕೊಂಡು ಹೊಳೆಯ ಕಡೆ ನಡೆದ.