ಕೈ ಉಳಿಸಿಕೊಂಡ ಸಿಪಾಯಿ

ಕಾಲು ಮಡಚಿ ಕೂತ್ಕೊಳ್ಳಿ ಮಕ್ಕಳೇ, ಹೇಳ್ತೀನಿ. ಬೊಂಬೆ ಮಾಡುವವನ ಮೇಜಿನ ಮೇಲೆ ಹೆಬ್ಬೆರಳುದ್ದದ ಇಬ್ಬರು ಸೀಸದ ಸಿಪಾಯಿಗಳಿದ್ದರು, ಒಬ್ಬ ಕಹಳೆಯವನು, ಇನ್ನೊಬ್ಬ ಕೋವಿಯವನು. ಬೊಂಬೆ ದಂಡಿಗೆ ನಗಾರಿ ಬಾರಿಸುವವನೊಬ್ಬ ಬೇಕಾಗಿದ್ದ. ಇವರಲ್ಲಿ ಒಬ್ಬನ ಕೈ ಕುಯ್ದು, ಕೋಲು ಹಿಡಿದ ಹೊಸ ಕೈ ಅಂಟಿಸಿದರೆ ಆಯಿತು.

ಬೊಂಬೆ ಮಾಡುವವನ ಚೂರಿ ಹತ್ತಿರ ಬರುತ್ತಿದ್ದಂತೆ ಕಹಳೆಯವನಿಗೆ ಹೆದರಿಕೆಯಾಯಿತು. ಹೊಸ ಕೈ ಅಂಟದೇ ಹೋದರೆ?

"ಚೂರಿಯಣ್ಣಾ, ನನ್ನನ್ನು ಮುಟ್ಟಬೇಡ. ಮೈಯೆಲ್ಲ ಟೊಳ್ಳು, ಪುಡಿಯಾಗಿಬಿಡ್ತೀನಿ," ಅಂದ.

"ಕೇಳಿದ್ದು ಒಂದು ಕೈ ಕಣಯ್ಯ," ಅಂತು ಚೂರಿ.

"ಮೈಯೇ ಕೆಟ್ಟಿದೆ ಅಂದೆನಲ್ಲ. ನಾನು ಯಾತಕ್ಕೂ ಬಾರದವನು."

ಕೋವಿಯವನಿಗೂ ಹೆದರಿಕೆಯೇ. ಆದರೂ ಹಲ್ಲು ಕಚ್ಚಿಕೊಂಡು ಕೈ ಒಡ್ಡಿದ. ಅವನ ಕೆಲಸ ಮುಗಿಸಿ ಚೂರಿ ಮತ್ತೆ ಕಹಳೆಯವನ ಕಡೆ ತಿರುಗಿತು.

"ಕೆಟ್ಟ ಮೈ ಇಟ್ಟುಕೊಂಡು ಏನು ಮಾಡೋದು? ತಲೆ, ಬೂಟು ಚೆನ್ನಾಗಿವೆ. ಬಿಡಿಬಿಡಿಯಾಗಿ ಉಪಯೋಗಕ್ಕೆ ಬರ್ತೀಯ."

"ಅಣ್ಣಾ, ನಾನು ಹೇಳಿದ್ದು ಸುಳ್ಳು," ಅನ್ನುವಷ್ಟರಲ್ಲಿ ಚೂರಿ ಕುತ್ತಿಗೆಗೆ ಬಂದಿತ್ತು.

ಕೋವಿಯವನು ನಗಾರಿಯವನಾಗಿ ದಂಡಿನ ಮುಂದೆ ನಿಂತ. ಕಹಳೆಯವನ ತಲೆ ಒಬ್ಬ ಸರದಾರನಿಗೆ ಹೋಯಿತು, ಬೂಟು ಕುದುರೆ ಸವಾರನಿಗೆ. ಅಷ್ಟು ಹೆಣಗಿ ಉಳಿಸಿಕೊಂಡ ಕೈ ಮಾತ್ರ ಯಾರಿಗೂ ಹೊಂದದೆ ಚೂರುಪಾರು ಹಾಕುವ ಡಬ್ಬಿಯ ತಳಕ್ಕೆ ಬಿತ್ತು.