ಎರಡನೆಯ ಮೋಡ

"ಗುರುಗಳೇ, ನನಗೆ ಮೊದಲು ಅಕ್ಷರ ಕಲಿಸಿದವರು ನಲವತ್ತು ವರ್ಷ ಬೋಧಿಸಿದರು. ಕೇಳಲು ಹತ್ತು ಜನ ಕೂಡಲಿಲ್ಲ. ಅವರು ತೀರಿಕೊಂಡ ವರ್ಷವೇ ನಾನು ಬೋಧಿಸತೊಡಗಿದೆ. ಈಗ ಅಂಗಳ ಸಾಲುತ್ತಿಲ್ಲ. ಅವರ ದುಡಿಮೆ ವ್ಯರ್ಥವಾಯಿತಲ್ಲವೆ?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ದಟ್ಟ ಕಾಡಿನ ನಡುವೆ ಇಪ್ಪತ್ತು ಗುಡಿಸಲಿನ ಒಂದು ಹಾಡಿಯಿತ್ತು. ಆ ವರ್ಷ ಸುತ್ತಲಿನ ಬಿದಿರೆಲ್ಲ ಹೂಬಿಟ್ಟು ಒಣಗಿ ನಿಂತಿತ್ತು. ಒಂದು ಮಧ್ಯಾಹ್ನ ಅದಕ್ಕೆ ಬೆಂಕಿ ಬಿತ್ತು. ಮುಂದೆ ಬೆಂಕಿ, ಹಿಂದೆ ಕಡಿದಾದ ಬಂಡೆ.

ಆಗ ಎದುರು ಗುಡ್ಡದ ಮೇಲೆ ಒಂದು ಮೋಡ ಹುಟ್ಟಿತು. ಬೆಳಗಿನಿಂದ ಕಾದ ಕಾಡಿನ ಉಸಿರೇ ಮೇಲೇರಿ ಮೋಡವಾಗಿತ್ತು. ಮೊದಲು ಹಿಡಿ ಹತ್ತಿಯಷ್ಟಿತ್ತು. ನೋಡನೋಡುತ್ತಲೇ ಗುಡ್ಡವನ್ನು ಮೀರಿ ಬೆಳೆಯಿತು. ಇನ್ನೂ ಏರಿತು. ನೆತ್ತಿ ಚಪ್ಪಟೆಯಾಗಿ ಆಕಾಶದಲ್ಲಿ ಹರಡಿತು, ಬುಡ ಕಪ್ಪಾಯಿತು, ಗುಡುಗಿತು. "ಬಂತು! ಬಂತು!" ಎಂದು ಹಾಡಿಯವರು ಕುಣಿದರು.

ಮಳೆ ಬಂತು. ಆದರೆ ಎದುರು ಗುಡ್ಡದ ಮೇಲೆ ಮಾತ್ರ. ಅಲ್ಲಿ ಬೆಂಕಿಯೇ ಇರಲಿಲ್ಲ. ಒಂದು ಗಳಿಗೆ ಸುರಿದು ಮೋಡ ಬರಿದಾಯಿತು, ಚೂರುಚೂರಾಗಿ ಕರಗತೊಡಗಿತು. ಅದರ ಮಳೆಯೊಂದಿಗೆ ಕೆಳಗಿಳಿದ ಗಾಳಿ ಇತ್ತ ನುಗ್ಗಿ ಬೆಂಕಿಯನ್ನು ಇನ್ನಷ್ಟು ಕೆರಳಿಸಿತು.

"ಹಾಳು ಮೋಡ! ನೀರು ಕೊಡಲಿಲ್ಲ, ಬೆಂಕಿಗೆ ಗಾಳಿ ಹಾಕಿ ಹೋಯಿತು. ಎಲ್ಲರೂ ಬಂಡೆ ಹತ್ತಿ, ಹಾಡಿ ಸುಟ್ಟರೆ ಸುಡಲಿ" ಎಂದು ಹಾಡಿಯ ಯಜಮಾನ ಕೂಗಿದ.

ಜೇನು ಕೀಳುವ ಮುದುಕಿ ಬೊಮ್ಮಿ ಕದಲಲಿಲ್ಲ. "ನಿಲ್ಲಪ್ಪ ಯಜಮಾನ! ಗಾಳಿ ಎಷ್ಟು ತಣ್ಣಗಿದೆ, ನಿನ್ನ ಮೈಗೆ ತಾಗಲಿಲ್ಲವೆ? ತಣ್ಣನೆಯ ಗಾಳಿ ನೆಲ ಹಿಡಿದು ಬಂದರೆ ಇಲ್ಲಿಯ ಬಿಸಿಗಾಳಿ ಮೇಲೇರಲೇಬೇಕು. ಸತ್ತ ಮೋಡದ ಪಕ್ಕದಲ್ಲೇ ಇನ್ನೊಂದು ಹುಟ್ಟುವುದನ್ನು ಮರದ ತುದಿಯಿಂದ ಎಷ್ಟು ಸಲ ಕಂಡಿದ್ದೇನೆ! ಮಕ್ಕಳು ಮುದುಕರು ಬಂಡೆ ಹತ್ತಲಿ. ಉಳಿದವರು ಹಸಿ ಸೊಪ್ಪು ಹಿಡಿಯಿರಿ."

ಮುದುಕಿಯೇ ಮೊದಲು ಕೊಂಬೆ ಮುರಿದಳು. ಅದನ್ನು ನೋಡಿ ಯಜಮಾನನೂ ಮುರಿದ. ಎಲ್ಲರೂ ಬೆಂಕಿಯ ಅಂಚನ್ನು ಬಡಿದರು. ಹುಬ್ಬು ಸೀದವು, ಅಂಗೈಯಲ್ಲಿ ಬೊಬ್ಬೆಗಳು ಎದ್ದವು. ಹಾಡಿಯ ಅಂಚಿನ ಗುಡಿಸಲು ಹೊತ್ತಿಕೊಂಡಿತು. ಎರಡನೆಯದೂ ಹೊತ್ತಿತು. ಅಷ್ಟರಲ್ಲಿ ಬಂಡೆಯ ಮೇಲಿದ್ದ ಮಕ್ಕಳು ಕಿರುಚಿದರು. ಎಲ್ಲರೂ ತಲೆ ಎತ್ತಿದರು.

ನೇರ ನೆತ್ತಿಯ ಮೇಲೆ ಮೋಡ! ಕುದಿಯುವ ಹಾಲಿನಂತೆ ಉಕ್ಕುತ್ತಿತ್ತು. ಮೊದಲನೆಯದಕ್ಕಿಂತ ದೊಡ್ಡದು, ಮೊದಲನೆಯದಕ್ಕಿಂತ ಕಪ್ಪು. ಮೊದಲ ಹನಿ ಯಜಮಾನನ ಸುಟ್ಟ ಅಂಗೈಯ ಮೇಲೆ ಬಿತ್ತು. ಆಮೇಲೆ ಹನಿಗಳನ್ನು ಎಣಿಸುವಂತಿರಲಿಲ್ಲ. ಬೆಂಕಿ ಬುಸುಗುಟ್ಟಿ ಸತ್ತಿತು. ಜನ ಅಳುತ್ತ, ನಗುತ್ತ, ಕೆಸರಿನಲ್ಲಿ ಹೊರಳಾಡಿದರು. ಅಂದಿನಿಂದ ವರ್ಷಕ್ಕೊಮ್ಮೆ ಅವರು ಎರಡನೆಯ ಮೋಡಕ್ಕೆ ಹಬ್ಬ ಮಾಡುತ್ತಾರೆ. ಮೊದಲನೆಯದರ ಹೆಸರನ್ನು ಬೊಮ್ಮಿ ಬದುಕಿದ್ದಷ್ಟು ದಿನ ಅವಳೊಬ್ಬಳೇ ಎತ್ತುತ್ತಿದ್ದಳು.

ಚೆನ್ನವೀರನ ಮುಖ ಅರಳಿತ್ತು. "ಏನೇ ಆಗಲಿ ಗುರುಗಳೇ, ಹಾಡಿಯನ್ನು ಉಳಿಸಿದ್ದು ಎರಡನೆಯ ಮೋಡವೇ!" ಎಂದ.

"ಹೌದು. ಆ ಮೋಡಕ್ಕೂ ಹಾಗೆಯೇ ಅನ್ನಿಸಿರಬೇಕು" ಎಂದರು ಗುರುಗಳು.

ಮರುದಿನ ಬೋಧನೆಗೆ ಕುಳಿತ ಚೆನ್ನವೀರ ಮೊದಲು ತನಗೆ ಅಕ್ಷರ ಕಲಿಸಿದವರ ಹೆಸರನ್ನು ಎತ್ತಿದ.